ಇನ್ನೊಂದು ಸುತ್ತು

"ಫೋನೆಲ್ಲ ಇದರೊಳಗೆ ಹಾಕ್ಬಿಡಿ," ಎನ್ನುತ್ತ ಸಿಬ್ಬಂದಿ ವಿಭಾಗದ ಆಫೀಸರ್ ಬಟ್ಟೆಯ ಚೀಲವೊಂದರ ಬಾಯಿ ಅಗಲಿಸಿಕೊಂಡು ಸಾಲಿನುದ್ದಕ್ಕೂ ಬಂದ. ಕಾಡಿನ ಗೇಟಿನ ಮುಂದೆ ಹನ್ನೊಂದು ಮಂದಿ ನಿಂತಿದ್ದರು. ಎಲ್ಲರೂ ಒಂದೇ ಪಂಪ್ ಕಾರ್ಖಾನೆಯವರು. ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದವರನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆದು ಮಿನಿಬಸ್ಸಿಗೆ ಹತ್ತಿಸಲಾಗಿತ್ತು. "ಇವತ್ತು ಮೆಷೀನು ಬೇಡ, ಮೇಜು ಬೇಡ. ಕಂಪನಿ ಖರ್ಚಲ್ಲಿ ನೆಮ್ಮದಿ," ಎಂದು ಆಫೀಸರ್ ಬಸ್ಸಿನಲ್ಲೇ ಹೇಳಿದ್ದ. ಮೂವತ್ತೈದು ದಾಟದ ವಯಸ್ಸು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು.

ಸಾಲಿನ ಕೊನೆಯಲ್ಲಿದ್ದ ನಕ್ಷೆಗಾರ ಮಾತ್ರ ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡ. ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಟೀಲಿನ ಅಳತೆಪಟ್ಟಿ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಸ್ಕೇಲು ಸರ್. ಐವತ್ತೇಳು ವರ್ಷ. ಮೂವತ್ತೊಂದು ವರ್ಷದಿಂದ ಪಂಪಿನ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದ. ಮೊದಲು ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ.

"ಹನ್ನೊಂದು ಗಂಟೆಗೆ ಮನೆಯವಳು ಫೋನ್ ಮಾಡ್ತಾಳೆ," ಎಂದ. "ಬಿಪಿ ಮಾತ್ರೆ ನುಂಗಿದ್ರಾ ಅಂತ. ಎತ್ತದೇ ಇದ್ರೆ ಗಾಬರಿ ಬೀಳ್ತಾಳೆ."

"ಒಂದಿನ ಗಾಬರಿ ಬೀಳ್ಲಿ ಬಿಡಿ ಸರ್. ಸಂಜೆ ಪ್ರೀತಿ ಜಾಸ್ತಿ ಆಗುತ್ತೆ."

ಎಲ್ಲರೂ ನಕ್ಕರು. ನಕ್ಷೆಗಾರ ನಗಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಕಂಪನಿ ಕರೆಸಿದ್ದ ಧ್ಯಾನದ ನಡಿಗೆಯ ಟೀಚರ್ ಕಡೆ ನೋಡಿದ. ಆಕೆ ಒಂದು ಹೆಜ್ಜೆ ಮುಂದೆ ಬಂದು, ತನಗೆ ಅಭ್ಯಾಸವಾಗಿದ್ದ ಮೆಲುದನಿಯಲ್ಲಿ ಹೇಳಿದಳು: "ಫೋನು ಜೇಬಲ್ಲಿದ್ರೆ ಅರ್ಧ ಮನಸ್ಸು ಅಲ್ಲೇ ಇರುತ್ತೆ ಸರ್. ಎರಡೇ ಗಂಟೆ. ನನ್ನ ಮಾತು ನಂಬಿ."

ಅವನು ನಂಬಿದ. ಮಾತ್ರೆಯನ್ನು ಅಲ್ಲೇ ಬಾಟಲಿ ನೀರಿನಲ್ಲಿ ನುಂಗಿ, ಫೋನನ್ನು ಚೀಲಕ್ಕೆ ಹಾಕಿದ.

ಟೀಚರ್ ಮೊದಲು ಆಸ್ಪತ್ರೆಯೊಂದರಲ್ಲಿ ಸಹಾಯಕಿಯಾಗಿದ್ದವಳು. ಪಾರ್ಶ್ವವಾಯು ಹೊಡೆದವರಿಗೆ ಮತ್ತೆ ನಡೆಯುವುದನ್ನು ಕಲಿಸುವುದು ಅವಳ ಕೆಲಸ. ಉದ್ದನೆಯ ಹಜಾರದ ನೆಲದ ಮೇಲೆ ಎಳೆದ ಹಳದಿ ಗೆರೆಯ ಮೇಲೆ ಒಬ್ಬೊಬ್ಬರನ್ನೇ ಹಿಡಿದುಕೊಂಡು, ಹಿಮ್ಮಡಿ ಮೊದಲು, ಆಮೇಲೆ ಅಂಗಾಲು, ಆಮೇಲೆ ಬೆರಳು ಎಂದು ಹನ್ನೆರಡು ವರ್ಷ ಹೇಳಿದ್ದಳು. ಹಾಗೆ ಹೇಳುತ್ತ ಹೇಳುತ್ತ ಒಂದು ದಿನ ತನ್ನ ಪಾದವೇ ತನಗೆ ತಿಳಿದಂತಾಗಿ, ನಡಿಗೆಯಲ್ಲಿ ಏನೋ ಇದೆ ಎನ್ನಿಸಿತು. ಕೆಲಸ ಬಿಟ್ಟು, ಬೇಕರಿಯೊಂದರ ಮೇಲಿನ ಕೋಣೆ ಬಾಡಿಗೆಗೆ ಹಿಡಿದು, ಧ್ಯಾನದ ನಡಿಗೆ ಕಲಿಸುತ್ತೇನೆಂದು ಬೋರ್ಡು ಹಾಕಿದಳು. ತಂದಿಟ್ಟ ಇಪ್ಪತ್ತು ಚಾಪೆಗಳಲ್ಲಿ ಹದಿನಾಲ್ಕರ ದಾರ ಇನ್ನೂ ಬಿಚ್ಚಿರಲಿಲ್ಲ. ಭಾನುವಾರ ಬರುತ್ತಿದ್ದ ಐದಾರು ಜನರಲ್ಲಿ ಇಬ್ಬರು ಕೆಳಗಿನಿಂದ ಬರುವ ಬ್ರೆಡ್ಡಿನ ವಾಸನೆಗೇ ಬರುತ್ತಾರೆಂದು ಅವಳ ಅಕ್ಕ ಚುಚ್ಚುತ್ತಿದ್ದಳು. ಈ ಕಾರ್ಖಾನೆ ಸಿಕ್ಕಿದ್ದು ಅವಳ ಮೊದಲ ದೊಡ್ಡ ಕೆಲಸ.

"ನಡೆಯೋದಕ್ಕೂ ಟೀಚರ್ರಾ?" ಎಂದು ಕಾಡುದಾರಿಯ ಮೊದಲ ತಿರುವಿನಲ್ಲೇ ನಕ್ಷೆಗಾರ ಗೊಣಗಿದ. "ನಾನು ಹನ್ನೊಂದನೇ ತಿಂಗಳಿಗೇ ಕಲ್ತಿದ್ದೀನಮ್ಮ. ನಮ್ಮಮ್ಮ ಹೇಳ್ತಿದ್ಳು."

"ಕಲ್ತಿದ್ದೀರಿ, ಆಮೇಲೆ ಮರ್ತಿದ್ದೀರಿ," ಎಂದು ಅವಳು ನಕ್ಕು, ಕೈಯಲ್ಲಿದ್ದ ಪುಟ್ಟ ಗಂಟೆ ಬಾರಿಸಿದಳು. ಆಮೇಲೆ ಯಾರೂ ಮಾತಾಡುವಂತಿರಲಿಲ್ಲ.

ಹದಿನೈದು ನಿಮಿಷ ಎಲ್ಲರೂ ಪೇಚಾಡಿದರು. ಉಗ್ರಾಣ ನೋಡಿಕೊಳ್ಳುತ್ತಿದ್ದ, ಎಲ್ಲರೂ ಸ್ಟೋರ್ಸ್ ಅಕ್ಕ ಎಂದು ಕರೆಯುವ ಹೆಂಗಸು ಮುಂದಿನವನ ಬೆನ್ನು ನೋಡಿ ಎರಡು ಬಾರಿ ಕಿಸಕ್ಕನೆ ನಕ್ಕಳು. ಅಷ್ಟು ನಿಧಾನವಾಗಿ ಕಾಲೆತ್ತಿದರೆ ಸಮತೋಲ ತಪ್ಪುತ್ತದೆ. ಕುಡಿದವರ ಮೆರವಣಿಗೆಯಂತೆ ಕಾಣುತ್ತದೆ. ಟೀಚರಿಗೆ ಇದೆಲ್ಲ ಗೊತ್ತಿತ್ತು. ಅವಳು ಕಾದಳು. ಒಣಗಿದ ಎಲೆಗಳ ಮೇಲೆ ಹಿಮ್ಮಡಿ ಊರುವ ಸದ್ದು ಮೊದಲು ಹನ್ನೊಂದು ಥರ ಕೇಳುತ್ತಿತ್ತು. ಬರುಬರುತ್ತ ಅದು ಒಂದಕ್ಕೊಂದು ಹೊಂದಿಕೊಂಡಿತು. ಯಾರೋ ನೀಳವಾಗಿ ಉಸಿರು ಬಿಟ್ಟರು. ತಿರುಗಿ ನೋಡಿದರೆ, ಸ್ಟೋರ್ಸ್ ಅಕ್ಕ ನಗುವುದನ್ನು ಬಿಟ್ಟು, ಬಾಯಿ ತುಸು ತೆರೆದುಕೊಂಡು, ನೆಲದಲ್ಲಿ ಏನನ್ನೋ ಕಳೆದುಕೊಂಡವಳಂತೆ ನಡೆದು ಬರುತ್ತಿದ್ದಳು. ನಕ್ಷೆಗಾರನ ಮುಖದ ಗಂಟು ಸಡಿಲಿತ್ತು. ಯಾವ ಗುಂಪೂ ಇಷ್ಟು ಬೇಗ, ಇಷ್ಟು ಚೆನ್ನಾಗಿ ನಡೆದದ್ದನ್ನು ಅವಳು ಕಂಡಿರಲಿಲ್ಲ. ಬೇಕರಿಯ ಮೇಲಿನ ಕೋಣೆಯಲ್ಲಿ ಮೂರು ವರ್ಷ ಕಾದದ್ದು ಇದಕ್ಕೇ ಅನ್ನಿಸಿತು.

ಹತ್ತೂ ಮುಕ್ಕಾಲರ ಹೊತ್ತಿಗೆ ತೊರೆ ಸಿಕ್ಕಿತು. ಎಲ್ಲರೂ ದೂರದೂರ ಕುಳಿತು ಹರಿಯುವ ನೀರನ್ನು ನೋಡಬೇಕು, ಗಂಟೆ ಕೇಳುವವರೆಗೆ ಎಂದು ಸನ್ನೆ ಮಾಡಿ ಅವಳು ಒಂದು ಬಂಡೆಯ ಹಿಂದೆ ಸರಿದಳು. ಆಫೀಸರ್ ಅಲ್ಲಿಗೆ ಬಂದ. ಅವನ ಕೈಯಲ್ಲಿ ಫೋನಿತ್ತು.

"ಇನ್ನೊಂದು ಮುಕ್ಕಾಲು ಗಂಟೆ ಎಳೀಬಹುದಾ ಟೀಚರ್?"

"ಯಾಕೆ? ಬಿಸಿಲು ಏರ್ತಿದೆ. ಹನ್ನೊಂದಕ್ಕೆ ಮುಗಿಸೋದು ಅಂತ ತಾನೆ ಮಾತಾಗಿದ್ದು?"

"ಅಲ್ಲಿ ಇನ್ನೂ ನಾಲ್ಕು ಮೇಜು ಖಾಲಿ ಮಾಡೋದು ಬಾಕಿ ಇದೆಯಂತೆ."

ಅವಳಿಗೆ ಅರ್ಥವಾಗಲಿಲ್ಲ. "ಯಾರ ಮೇಜು?" ಎಂದಳು.

ಅವನು ಗದ್ದವನ್ನು ತುಸು ಎತ್ತಿ ದಂಡೆಯ ಕಡೆ ತೋರಿಸಿದ.

"ಯಾರು? ಎಲ್ರೂನಾ?"

"ಹನ್ನೊಂದೂ ಜನ. ಇವತ್ತೇ ಕೊನೆ. ನಡಿಗೆ ಮುಗಿದ ಮೇಲೆ ಗೇಟ್ ಹತ್ರ ಪತ್ರ ಕೊಡ್ತೀನಿ. ಸಾಮಾನೆಲ್ಲ ಪ್ಯಾಕ್ ಮಾಡಿ ಅವರವರ ಮನೆಗೇ ಕಳಿಸ್ತಿದ್ದಾರೆ, ಇವರು ಹೊತ್ಕೊಂಡು ಹೋಗೋ ಕಷ್ಟ ಬೇಡ ಅಂತ." ಅವನು ದನಿ ಇನ್ನೂ ತಗ್ಗಿಸಿದ. "ಹೋದ ವರ್ಷ ಇನ್ನೊಂದು ಘಟಕದಲ್ಲಿ ಆಫೀಸಲ್ಲೇ ಹೇಳಿದ್ವಿ. ಒಬ್ಬ ಕಿಟಕಿ ಗಾಜು ಒಡೆದ. ಒಬ್ಬಳು ಕುರ್ಚಿ ಬಿಟ್ಟು ಏಳಲೇ ಇಲ್ಲ, ಇಬ್ಬರು ಹಿಡ್ಕೊಂಡು ಎಬ್ಬಿಸ್ಬೇಕಾಯ್ತು. ಆ ರಂಪ ಯಾರಿಗೆ ಬೇಕು ಹೇಳಿ? ಹೀಗಾದ್ರೆ ಮನಸ್ಸು ತಿಳಿಯಾಗಿರುತ್ತೆ. ಏನು ಹೇಳಿದ್ರೂ ಒಳಗೆ ಇಳಿಯುತ್ತೆ."

"ನಂಗೆ ಮೊದ್ಲೇ ಹೇಳ್ಬೇಕಿತ್ತು."

"ಹೇಳಿದ್ರೆ ನಿಮ್ಮ ಮುಖದಲ್ಲಿ ಕಾಣ್ತಿತ್ತು. ಈಗ ನೋಡಿ, ಎಷ್ಟು ಚೆನ್ನಾಗಿ ಆಯ್ತು." ಅವನು ಫೋನನ್ನು ಜೇಬಿಗಿಳಿಸಿದ. "ಉಳಿದವರಿಗೆ ವರ್ಷಪೂರ್ತಿ, ಪ್ರತಿ ಗುರುವಾರ, ನಿಮ್ಮ ಕೈಲೇ ಮಾಡಿಸೋಣ ಅಂತ ಮೇಲೆ ಮಾತಾಡಿದ್ದೀನಿ. ಇವತ್ತಿಂದು ಸುಸೂತ್ರ ಮುಗೀಲಿ."

ಅವನು ಹೋದ ಮೇಲೂ ಅವಳು ಬಂಡೆಗೆ ಒರಗಿ ನಿಂತೇ ಇದ್ದಳು. ದಂಡೆಯ ಮೇಲೆ ಹನ್ನೊಂದು ಬೆನ್ನುಗಳು. ಒಂದೂ ಅಲುಗುತ್ತಿರಲಿಲ್ಲ. ಈಗಲೇ ಹೋಗಿ ಹೇಳಬಹುದು. ಎದ್ದೇಳಿ, ನಿಮ್ಮ ಮೇಜುಗಳನ್ನು ಖಾಲಿ ಮಾಡುತ್ತಿದ್ದಾರೆ, ಫೋನ್ ಇಸಿದುಕೊಳ್ಳಿ, ಮನೆಗೆ ಹೇಳಿ ಎನ್ನಬಹುದು. ಹತ್ತು ಮಾತಿನ ಕೆಲಸ. ಹೇಳಿದರೆ ಮಾತ್ರ ಏನಾಗುತ್ತದೆ? ಮೇಜು ಉಳಿಯುತ್ತದೆಯೇ? ಪತ್ರಕ್ಕೆ ಆಗಲೇ ಸಹಿ ಬಿದ್ದಿದೆ. ಇನ್ನೊಂದು ಮುಕ್ಕಾಲು ಗಂಟೆ ನೆಮ್ಮದಿಯಾಗಿರಲಿ ಪಾಪ, ಎಂದುಕೊಂಡಳು. ಪಾಪ ಎನ್ನುವ ಮಾತು ಸಲೀಸಾಗಿ ಬಂತು, ಆದರೆ ಅದರ ಹಿಂದೆಯೇ ಗುರುವಾರಗಳೂ ಬಂದದ್ದು ಅವಳಿಗೆ ಗೊತ್ತಾಗದೆ ಹೋಗಲಿಲ್ಲ. ವರ್ಷಕ್ಕೆ ಐವತ್ತೆರಡು.

ನಕ್ಷೆಗಾರ ಎದ್ದು ಅವಳ ಹತ್ತಿರವೇ ಬಂದ. ಕಣ್ಣುಗಳು ಕೆಂಪಾಗಿದ್ದವು. ಮೌನ ಮುರಿಯಬಾರದೆಂದು ಗೊತ್ತಿದ್ದರಿಂದ ತಪ್ಪು ಮಾಡಿದ ಶಾಲೆಯ ಹುಡುಗನಂತೆ ಪಿಸುಗುಟ್ಟಿದ.

"ತಪ್ಪು ತಿಳ್ಕೋಬೇಡಿ ಟೀಚರ್, ಹೇಳದೇ ಇರೋಕೆ ಆಗ್ತಿಲ್ಲ. ಮೂವತ್ತೊಂದು ವರ್ಷ ನೀರಿನ ಪಂಪು ಬರೆದೆ. ನೀರು ಹೇಗೆ ತಿರುಗುತ್ತೆ ಅಂತ ಇವತ್ತೇ ನೋಡಿದ್ದು. ಆ ಕಲ್ಲಿನ ಹಿಂದೆ ಒಂದು ಸುಳಿ ಇದೆ. ಅಷ್ಟೇ ಅಷ್ಟು. ಅದನ್ನ ನೋಡ್ತಾ ನೋಡ್ತಾ ಏನೋ ಆಗ್ಬಿಡ್ತು ನಂಗೆ." ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ನಾಳೆ ಹೋಗಿ ಹಳೇದೊಂದು ನಕ್ಷೆ ತೆಗೀಬೇಕು. ಅದರಲ್ಲೊಂದು ತಿರುವಿದೆ, ಯಾವತ್ತೂ ಸದ್ದು ಮಾಡೋ ತಿರುವು. ಯಾಕೆ ಅಂತ ಈಗ ಗೊತ್ತಾಯ್ತು."

ಅವಳು ಗಂಟೆಯನ್ನು ಕೈಗೆತ್ತಿಕೊಂಡಳು.

"ಮುಗಿಸಿಬಿಡ್ತೀರಾ ಈಗ? ಇನ್ನೊಂದು ಸುತ್ತು ಹೋಗೋಣ್ವಾ? ಎಲ್ರೂ ಬರ್ತಾರೆ, ಬೇಕಾದ್ರೆ ನಾನೇ ಕೇಳ್ತೀನಿ."

ದೂರದಲ್ಲಿ ಆಫೀಸರ್ ಇವರನ್ನೇ ನೋಡುತ್ತಿದ್ದ.

"ಹೋಗೋಣ ಸರ್," ಎಂದಳು ಟೀಚರ್. "ಇನ್ನೊಂದು ಸುತ್ತು."

ಆ ಸುತ್ತಿನಲ್ಲಿ ಅವಳು ಎಂದೂ ನಡೆಸದಷ್ಟು ಚೆನ್ನಾಗಿ ನಡೆಸಿದಳು. ತೊರೆಯಿಂದ ಮೇಲಕ್ಕೆ, ಬಿದಿರಿನ ಮೆಳೆ ಬಳಸಿ, ನೆರಳಿನ ಏರಿನಲ್ಲಿ. "ಪಾದ ಎತ್ತುತ್ತಿದ್ದೇನೆ. ಮುಂದಿಡುತ್ತಿದ್ದೇನೆ. ಊರುತ್ತಿದ್ದೇನೆ. ಹಿಂದಿನದು ಹೋಯಿತು, ಮುಂದಿನದು ಬಂದಿಲ್ಲ. ಈ ಹೆಜ್ಜೆ ಮಾತ್ರ ನಿಮ್ಮದು," ಎಂದಾಗ ಅವಳ ದನಿ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದು ಅವಳೇ ಗಮನಿಸಿದಳು. ಹಿಂದೆ ಹನ್ನೊಂದು ಜನ ಹಿಮ್ಮಡಿ ಊರುತ್ತ ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಮೇಲೆ ತಲುಪಿದ ಮೇಲೆ ಕಣ್ಣು ಮುಚ್ಚಿ ನಿಂತು, ನಿಮಗೆ ಅನ್ನ ಕೊಟ್ಟವರನ್ನೆಲ್ಲ ಮನಸ್ಸಿನಲ್ಲೇ ನೆನೆಯಿರಿ ಎಂದಳು. ಅದು ಅವಳ ಪಾಠದಲ್ಲಿ ಯಾವಾಗಲೂ ಇದ್ದ ಮಾತು. ಬಾಯಿಗೆ ತಾನಾಗಿ ಬಂತು. ಬಂದ ಮೇಲೆ ತಡೆಯಲಿಲ್ಲ.

ಗೇಟಿಗೆ ಮರಳಿದಾಗ ಹನ್ನೆರಡು ದಾಟಿತ್ತು. ಕಲ್ಲಿನ ಬೆಂಚುಗಳ ಮೇಲೆ ಹಣ್ಣಿನ ರಸದ ಲೋಟಗಳು ಸಿದ್ಧವಾಗಿದ್ದವು. ಆಫೀಸರ್ ಮಿನಿಬಸ್ಸಿನ ಮುಂದಿನ ಸೀಟಿನಿಂದ ಲಕೋಟೆಗಳ ಕಟ್ಟು ತಂದ. ಮೊದಲು ಒಬ್ಬೊಬ್ಬರ ಕೈಕುಲುಕಿದ, ಆಮೇಲೆ ಲಕೋಟೆ ಕೊಟ್ಟ. ಸರ್ಟಿಫಿಕೇಟು ಎಂದುಕೊಂಡ ಪ್ಯಾಕಿಂಗ್ ವಿಭಾಗದವನೊಬ್ಬ ಅದನ್ನು ಒಡೆಯದೆ ಮಡಿಸಿ ಜೇಬಿಗಿಟ್ಟುಕೊಂಡು, ರಸ ಕುಡಿಯತೊಡಗಿದ. ಮೊದಲು ಓದಿದ್ದು ಸ್ಟೋರ್ಸ್ ಅಕ್ಕ. ನಿಂತಲ್ಲೇ ಎರಡು ಸಲ ಓದಿದಳು. ಆಮೇಲೆ ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ ಓದಿದಳು: "'ತಮ್ಮ ವೈಯಕ್ತಿಕ ವಸ್ತುಗಳನ್ನು ಗೌರವಪೂರ್ವಕವಾಗಿ ತಮ್ಮ ಮನೆಗೆ ತಲುಪಿಸಲಾಗಿದೆ.' ಗೌರವಪೂರ್ವಕವಾಗಿ ಅಂತೆ ಕಣ್ರೋ!"

ಯಾರೂ ಗಾಜು ಒಡೆಯಲಿಲ್ಲ. ಒಡೆಯಲು ಅಲ್ಲಿ ಗಾಜಿರಲಿಲ್ಲ, ಲೋಟಗಳು ಕಾಗದದವು. ಒಬ್ಬ ಕಾಡಿನ ಕಡೆ ತಿರುಗಿ ನಿಂತ. ಪ್ಯಾಕಿಂಗ್‌ನವನು ಜೇಬಿನಿಂದ ಲಕೋಟೆ ತೆಗೆದ, ಒಡೆಯದೆ ಕೈಯಲ್ಲೇ ಹಿಡಿದುಕೊಂಡ. ನಕ್ಷೆಗಾರ ಪತ್ರವನ್ನು ಓದಿ, ಮಡಿಸಿದ ಗುರುತಿನ ಮೇಲೆ ಉಗುರೆಳೆದು ಅಚ್ಚುಕಟ್ಟಾಗಿ ಮೊದಲಿದ್ದಂತೆಯೇ ಮಡಿಸಿದ.

"ಕುರಿ ಕಡಿಯೋಕೆ ಮುಂಚೆ ತಲೆ ಸವರ್ತಾರಲ್ಲ, ಹಾಗಾಯ್ತು," ಎಂದಳು ಸ್ಟೋರ್ಸ್ ಅಕ್ಕ.

"ಉಸಿರಿನ ಮೇಲೆ ಗಮನ ಇಡಿ ಮೇಡಂ," ಎಂದ ಆಫೀಸರ್. ಗೇಲಿ ಮಾಡುತ್ತಿರಲಿಲ್ಲ. ಅವನು ನಿಜವಾಗಿಯೂ ಹಾಗೆಯೇ ನಂಬಿದ್ದ.

ಬಸ್ಸು ಹೊರಟ ಮೇಲೆ ಫೋನುಗಳನ್ನು ಹಂಚಲಾಯಿತು. ಹೆಚ್ಚಿನವರ ಗಾಡಿಗಳು ಕಾರ್ಖಾನೆಯ ಬಾಗಿಲಲ್ಲಿದ್ದುದರಿಂದ ಅಲ್ಲಿಗೇ ಹೋಗಬೇಕಿತ್ತು. ನಕ್ಷೆಗಾರನ ಫೋನಿನಲ್ಲಿ ಮನೆಯ ಇಪ್ಪತ್ತಾರು ಕರೆಗಳಿದ್ದವು. ಮೊದಲನೆಯದು ಹತ್ತೂ ಐವತ್ತಕ್ಕೆ, ಕೊನೆಯದು ಹನ್ನೊಂದೂ ಇಪ್ಪತ್ತಕ್ಕೆ. ಆಮೇಲೆ ಇಲ್ಲ. ಅವನು ಮರಳಿ ಮಾಡಿದ. ಆ ಕಡೆ ಗಂಟೆ ಬಡಿದು ಬಡಿದು ನಿಂತಿತು. ಮತ್ತೆ ಮಾಡಿದ. ಮೂರನೆಯ ಸಲ ಮಾಡುವಾಗ ಬೆರಳು ಬೇರೆ ಗುಂಡಿಗೆ ಬಿತ್ತು.

"ಎತ್ತುತ್ತಿಲ್ಲ," ಎಂದ ಯಾರಿಗೋ. ಪಕ್ಕದ ಸೀಟಿನಲ್ಲಿ ಟೀಚರ್ ಇದ್ದಳು. ಅವನು ಅವಳ ಕಡೆ ತಿರುಗಿದ. "ನಿಮಗೆ ಗೊತ್ತಿತ್ತಾ ಟೀಚರ್?"

"ಇಲ್ಲ ಸರ್."

ಹಿಂದಿನ ಸೀಟಿನಿಂದ ಸ್ಟೋರ್ಸ್ ಅಕ್ಕ ಮುಂದಕ್ಕೆ ಬಾಗಿದಳು. "ಬಂಡೆ ಹಿಂದೆ ಆಯಪ್ಪ ನಿಮ್ಮ ಕಿವೀಲಿ ಅಷ್ಟೊತ್ತು ಏನು ಊದಿದ ಹಾಗಾದ್ರೆ?"

"ಹೊತ್ತಿನ ವಿಷಯ. ಎಷ್ಟು ಹೊತ್ತಿಗೆ ಮುಗಿಸ್ಬೇಕು ಅಂತ."

"ಮುಖ ನೋಡಿ ಹೇಳಿ."

"ಸುಮ್ನಿರಮ್ಮ," ಎಂದ ನಕ್ಷೆಗಾರ. "ಅವರೇನು ಮಾಡ್ತಾರೆ? ಕರೆದ್ರು, ಬಂದ್ರು. ಆ ಎರಡನೇ ಸುತ್ತು ಕೇಳಿದ್ದು ನಾನೇ. ಅವರಿಗೆ ಗೊತ್ತಿದ್ರೆ ಹೇಳ್ತಿರ್ಲಿಲ್ವಾ? ನಾನು ಅವರ ಹತ್ರ ಅಷ್ಟೆಲ್ಲ ಹೇಳ್ಕೊಂಡಿದ್ದೀನಿ." ಟೀಚರಿಗೆ ಸಮಾಧಾನ ಹೇಳುವವನಂತೆ ಅವನು ತಲೆಯಾಡಿಸಿದ. "ನೀವು ಬೇಜಾರು ಮಾಡ್ಕೋಬೇಡಿ."

ಸ್ಟೋರ್ಸ್ ಅಕ್ಕ ಹಿಂದಕ್ಕೆ ಒರಗಿದಳು. ಟೀಚರ್ ಕಿಟಕಿಯ ಹೊರಗೆ ನೋಡಿದಳು.

ಕಾರ್ಖಾನೆಯ ಬಾಗಿಲ ಬಳಿ, ಕಾವಲುಗಾರನ ಗೂಡಿನ ಪಕ್ಕದ ಮಣ್ಣಿನಲ್ಲಿ ಒಬ್ಬ ಹೆಂಗಸು ಕಾಲು ಚಾಚಿ ಕುಳಿತಿದ್ದಳು. ತಲೆ ಕೆದರಿತ್ತು, ಒಂದು ಕಾಲಿನಲ್ಲಿ ಮಾತ್ರ ಮನೆಯೊಳಗೆ ಹಾಕುವ ಚಪ್ಪಲಿ ಇತ್ತು. ಕಾವಲುಗಾರ ಅವಳ ಮುಂದೆ ನೀರಿನ ಲೋಟ ಹಿಡಿದು ಬಗ್ಗಿ ನಿಂತಿದ್ದ. ಬಸ್ಸು ನಿಂತದ್ದನ್ನು ನೋಡಿ ಅವನು ಓಡಿಬಂದ.

"ಸ್ಕೇಲು ಸರ್, ನಂದೇನೂ ತಪ್ಪಿಲ್ಲ ಸರ್! ನಿಮ್ಮ ಸಾಮಾನಿನ ಡಬ್ಬ ಮನೆಗೆ ಹೋಗಿದೆ. ಅದರಲ್ಲಿ ನೀವು ಮೇಜಲ್ಲೇ ಇಡ್ತಿದ್ದ ಕನ್ನಡಕ, ಸ್ವೆಟರು, ಟೀ ಲೋಟ. ತಂದವನು ಸಹಿ ಹಾಕಿಸ್ಕೊಂಡು ಏನೂ ಹೇಳದೆ ಹೋಗಿದ್ದಾನೆ. ಇವರು ಫೋನು ಮನೇಲೇ ಬಿಟ್ಟು ಓಡ್ಕೊಂಡು ಬಂದು, ಎಲ್ಲಿ ನಮ್ಮನೆಯವರು ಅಂದ್ರು. ನಾನು ಪಟ್ಟಿ ನೋಡಿ, ಅವರು ಇನ್ಮೇಲೆ ಇಲ್ಲಮ್ಮ ಅಂದೆ. ಕೆಲಸದಲ್ಲಿ ಇಲ್ಲ ಅಂತ ಸರ್ ನಾನು ಹೇಳಿದ್ದು! ಅಷ್ಟಕ್ಕೇ ಬಿದ್ಬಿಟ್ರು."

ನಕ್ಷೆಗಾರ ಮೆಟ್ಟಿಲಿಳಿದು ಹೆಂಡತಿಯ ಎದುರು ನಿಂತ. ಅವಳು ತಲೆಯೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಗುರುತೇ ಸಿಗದವಳ ಹಾಗೆ. ಆಮೇಲೆ ಎದ್ದು, ಎರಡೂ ಕೈಗಳಿಂದ ಅವನ ಎದೆಗೆ, ಭುಜಕ್ಕೆ, ಕೆನ್ನೆಗೆ ಸಿಕ್ಕಸಿಕ್ಕಲ್ಲಿ ಹೊಡೆಯತೊಡಗಿದಳು.

"ಎಲ್ಲಿ ಹಾಳಾಗಿ ಹೋಗಿದ್ರಿ? ಫೋನ್ ಎತ್ತೋಕೆ ಏನಾಗಿತ್ತು ರೋಗ? ಸತ್ತೇಹೋದ್ರಿ ಅಂದ್ಕೊಂಡೆ ಕಣ್ರೀ. ಈ ಕಾವಲಿನವನ ಫೋನಲ್ಲೇ ಮಗಳಿಗೆ ಹೇಳ್ಬಿಟ್ಟೆ. ಅಪ್ಪ ಹೋಗ್ಬಿಟ್ರು ಅಂತ ಮಗಳಿಗೆ ಹೇಳ್ಬಿಟ್ಟೆನಲ್ರೀ! ಬಸ್ಸಲ್ಲಿ ಬರ್ತಿದ್ದಾಳೆ ಅವಳು, ಅಳ್ತಾ... ಎಲ್ಲಿದ್ರಿ ಹೇಳಿ!"

ಅವನು ಹೊಡೆತಗಳನ್ನು ತಡೆಯಲಿಲ್ಲ. ಬಸ್ಸಿನ ಬಾಗಿಲಲ್ಲಿ, ಕಿಟಕಿಗಳಲ್ಲಿ ಎಲ್ಲರೂ ನೋಡುತ್ತಿದ್ದರು.

"ನಡೀತಿದ್ದೆ," ಎಂದ ಕೊನೆಗೆ. "ಕಾಡಲ್ಲಿ ನಡೀತಿದ್ದೆ."

ಹೆಂಡತಿಯ ಕೈ ನಿಂತಿತು. ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಎದುರಿಗಿರುವವನು ಯಾರೋ ಬೇರೆಯವನು ಎಂಬಂಥ ನೋಟ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಿಡಲಿಲ್ಲ.

ಆಫೀಸರ್ ಟೀಚರ್ ಪಕ್ಕಕ್ಕೆ ಬಂದು ನಿಂತ. "ಸ್ವಲ್ಪ ಎಡವಟ್ಟಾಯ್ತು," ಎಂದ. "ಮುಂದಿನ ಸಲ ಡಬ್ಬಗಳನ್ನ ಸಂಜೆ ಕಳಿಸ್ಬೇಕು. ಒಟ್ಟಿನಲ್ಲಿ ನಿಮ್ಮ ಭಾಗ ಮಾತ್ರ ತುಂಬಾ ಚೆನ್ನಾಗಿ ಆಯ್ತು. ಗುರುವಾರದಿಂದ ಶುರು ಮಾಡೋಣ್ವಾ?"

ಅವಳು ತಲೆಯೆತ್ತಿದಳು. ರಸ್ತೆಯ ಆಚೆ ಸ್ಟೋರ್ಸ್ ಅಕ್ಕ ತನ್ನ ಸ್ಕೂಟರಿನ ಸೀಟಿನ ಧೂಳನ್ನು ಕೈಯಿಂದ ತಟ್ಟುತ್ತ ಇವಳನ್ನೇ ನೋಡುತ್ತಿದ್ದಳು.

"ಎಷ್ಟು ಗಂಟೆಗೆ?" ಎಂದು ಕೇಳಿದಳು ಟೀಚರ್.

ಮಧ್ಯಾಹ್ನದ ಬಿಸಿಲಿಗೆ ಡಾಂಬರು ಕಾದಿತ್ತು. ನಕ್ಷೆಗಾರ ಬಗ್ಗಿ ತನ್ನ ಬೂಟುಗಳ ಲೇಸು ಬಿಚ್ಚಿದ. ಬೂಟುಗಳನ್ನು ಹೆಂಡತಿಯ ಕಾಲಿನ ಮುಂದೆ ಜೋಡಿಸಿಟ್ಟ. ಅವಳು ಒಂಟಿ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದು, ಅವುಗಳೊಳಗೆ ಕಾಲು ತೂರಿಸಿದಳು. ಇಬ್ಬರೂ ಬಸ್ ನಿಲ್ದಾಣದ ಕಡೆ ಹೊರಟರು. ದೊಡ್ಡ ಬೂಟುಗಳಿಂದ ಅವಳ ಹಿಮ್ಮಡಿ ನಾಲ್ಕು ಹೆಜ್ಜೆಗೊಮ್ಮೆ ಜಾರಿ ಹೊರಬರುತ್ತಿತ್ತು. ಅವಳು ನಿಂತು ಕಾಲನ್ನು ಒಳಗೆ ದೂಡಿಕೊಳ್ಳುವಾಗ, ಕಾಲುಚೀಲದಲ್ಲಿದ್ದ ಅವನು ಸುಡುವ ರಸ್ತೆಯ ಮೇಲೆ ಒಂದು ಕಾಲನ್ನು ಇನ್ನೊಂದರ ಮೇಲಿಟ್ಟುಕೊಂಡು ಕಾಯುತ್ತಿದ್ದ. ಅವನ ಅಂಗಿಯ ತೋಳು ಅವಳ ಮುಷ್ಟಿಯಲ್ಲೇ ಇತ್ತು.